ನಿಯಮ ಇದೆ, ಪಾಲಿಸುವವರು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ನಿಯಮ ಇಟ್ಟುಕೊಂಡು ಶೇರು ವ್ಯಾಪಾರ ಮಾಡುವವರಿಗೆ ನಾನು ಹೇಳುವುದು ಒಂದೇ ಮಾತು. ನಿಯಮ ಕೊಳ್ಳು ಅಂದಾಗ ಕೊಳ್ಳಿ, ಮಾರು ಅಂದಾಗ ಮಾರಿ. ಪ್ರತಿ ಸಲವೂ. ಮನಸ್ಸು ಬಂದಾಗ ಮಾತ್ರ ಅಲ್ಲ.

ಇದರಲ್ಲೇನಿದೆ ಮಹಾ ಅಂತೀರಾ? ಹಾಗಾದರೆ ಶಿಕಾಗೋದ ರಿಚರ್ಡ್ ಡೆನಿಸ್ ಕಥೆ ಕೇಳಿ. ಸಾಲ ತಂದ 1,600 ಡಾಲರಿನಿಂದ ಶುರುಮಾಡಿ ಕೋಟಿಗಟ್ಟಲೆ ದುಡಿದ ಮನುಷ್ಯ. ವ್ಯಾಪಾರ ಯಾರು ಬೇಕಾದರೂ ಕಲಿಯಬಹುದು ಅಂತ ಈತನ ವಾದ. ಅದು ಹುಟ್ಟಿನಿಂದಲೇ ಬರಬೇಕು ಅಂತ ಗೆಳೆಯ ವಿಲಿಯಂ ಎಕ್‌ಹಾರ್ಟ್ ವಾದ. ಸರಿ, ನೋಡೇ ಬಿಡೋಣ ಅಂತ 1983ರಲ್ಲಿ, ವ್ಯಾಪಾರ ಕಲಿಯಲು ಜನ ಬೇಕು ಅಂತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಆಯ್ಕೆಯಾದವರಲ್ಲಿ ಒಬ್ಬ ನಟ ಇದ್ದ, ಇಸ್ಪೀಟಿನಲ್ಲಿ ಪಳಗಿದವನೂ ಇದ್ದ. ಡೆನಿಸ್ ಆಗಷ್ಟೇ ಸಿಂಗಾಪುರದಲ್ಲಿ ಆಮೆ ಸಾಕುವುದನ್ನು ನೋಡಿ ಬಂದಿದ್ದ. ಹಾಗೇ ವ್ಯಾಪಾರಿಗಳನ್ನೂ ಬೆಳೆಸುತ್ತೇನೆ ಅಂದ. ಇವರಿಗೆ 'ಆಮೆಗಳು' ಅಂತಲೇ ಹೆಸರು ಬಿತ್ತು.

ಎರಡು ವಾರ ಪಾಠ. ಅವರು ವ್ಯಾಪಾರ ಮಾಡಿದ್ದು ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ನಿಗದಿ ಮಾಡುವ ಒಪ್ಪಂದಗಳಲ್ಲಿ. ಆದರೆ ಪಾಠ ಶೇರಿಗೂ ಅದೇ. ಒಂದು ನಿಯಮ ಎಷ್ಟು ಸರಳ ನೋಡಿ: ಬೆಲೆ ಹಿಂದಿನ 55 ದಿನಗಳ ಗರಿಷ್ಠ ಮಟ್ಟ ದಾಟಿದರೆ ಕೊಳ್ಳಬೇಕು, 20 ದಿನಗಳ ಕನಿಷ್ಠಕ್ಕಿಂತ ಕೆಳಗಿಳಿದರೆ ಮಾರಬೇಕು. ಇಂತಿಷ್ಟೇ ನಷ್ಟ ಅಂತ ಮಿತಿ ಬೇರೆ. ಶಾಲೆಗೆ ಹೋಗುವ ಹುಡುಗನಿಗೂ ಅರ್ಥವಾಗುತ್ತದೆ, ಅಲ್ವಾ?

ಆಮೇಲೆ ಏನಾಯಿತು? ಒಬ್ಬನೇ ಗುರು, ಒಂದೇ ನಿಯಮ. ಆದರೂ ಕೆಲವರು ಭರ್ಜರಿಯಾಗಿ ಗಳಿಸಿದರು, ಕೆಲವರನ್ನು ಮನೆಗೆ ಕಳಿಸಬೇಕಾಯಿತು. ನನ್ನ ನಿಯಮಗಳನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರೂ ಜನ ಪಾಲಿಸುವುದಿಲ್ಲ ಅಂತ ಡೆನಿಸ್ ಹೇಳುತ್ತಿದ್ದ. ನನಗೆ ಈ ಮಾತು ಬಹಳ ಇಷ್ಟ.

ಯಾಕೆ ಪಾಲಿಸುವುದಿಲ್ಲ? ಸೋಲು ಸಾಲಾಗಿ ಬರುತ್ತದೆ, ಅದಕ್ಕೆ. ನಿಮ್ಮ ನಿಯಮ 10ರಲ್ಲಿ 6 ಸಲ ಸೋಲುತ್ತದೆ ಅಂದುಕೊಳ್ಳಿ. ಉಳಿದ 4ರಲ್ಲಿ ದೊಡ್ಡ ಲಾಭ ಬಂದರೆ ಅದು ಒಳ್ಳೆಯ ನಿಯಮವೇ. ಆದರೆ ಹಾಗೆ ವ್ಯಾಪಾರ ಮಾಡುತ್ತಾ ಹೋದರೆ ಒಂದಲ್ಲ ಒಂದು ದಿನ ಸತತ 5 ಸೋಲು ಬಂದೇ ಬರುತ್ತದೆ. ಆಗ ಆರನೆಯದನ್ನು ಸುಮ್ನೆ ಬಿಟ್ಟುಬಿಡುತ್ತೀರಿ. ದೊಡ್ಡ ಲಾಭ ಯಾವುದರಲ್ಲಿದೆ ಅಂತ ಮೊದಲೇ ಗೊತ್ತಾಗುವ ಹಾಗಿದ್ದರೆ ನಿಯಮ ಯಾಕೆ ಬೇಕಿತ್ತು ಸ್ವಾಮಿ?

ಇನ್ನು ಸ್ಟಾಪ್ ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಅಂತ ಮೊದಲೇ ಕೊಟ್ಟಿಡುವ ಆರ್ಡರ್. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. 100ಕ್ಕೆ ಕೊಂಡಿರಿ, 94ಕ್ಕೆ ಸ್ಟಾಪ್ ಲಾಸ್ ಹಾಕಿದಿರಿ. ಬೆಲೆ 94.50ಕ್ಕೆ ಬಂತು. ಕೈ ಮೊಬೈಲಿಗೆ ಹೋಯಿತು. 'ಸ್ವಲ್ಪ ಜಾಗ ಕೊಡೋಣ' ಅಂತ 90ಕ್ಕೆ ಇಳಿಸಿದಿರಿ. ಅದೂ ಹತ್ತಿರ ಬಂದಾಗ ಆರ್ಡರನ್ನೇ ತೆಗೆದುಹಾಕಿದಿರಿ. ಈಗ 82. ಕೇಳಿದರೆ 'ನಾನು ದೀರ್ಘಾವಧಿ ಹೂಡಿಕೆದಾರ' ಅನ್ನುತ್ತೀರಿ! ಬೆಳಿಗ್ಗೆ ಹಾಗೆ ಇರಲಿಲ್ಲವಲ್ಲ?

ಸಮಯ ಆಗುತ್ತಾ ಬಂತು, ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಒಂದು ಟ್ರೇಡಿನಲ್ಲಿ ಬಂಡವಾಳದ ಶೇಕಡಾ 2ಕ್ಕಿಂತ ಜಾಸ್ತಿ ಕಳೆದುಕೊಳ್ಳಬೇಡಿ. ಹಾಗಿದ್ದರೆ ಸಾಲಾಗಿ 10 ಸೋತರೂ ಹೋಗುವುದು ಶೇಕಡಾ 18ರಷ್ಟು. ಅರ್ಧ ಬಂಡವಾಳ ಹೋಯಿತೋ, ಮೊದಲಿನಷ್ಟಾಗಲು ಉಳಿದದ್ದು ಎರಡರಷ್ಟಾಗಬೇಕು. ನಿಯಮ ಬದಲಿಸಲೇಬೇಕಾ? ಬದಲಿಸಿ, ಬೇಡ ಅನ್ನುವುದಿಲ್ಲ. ಆದರೆ ಪೇಟೆಗೆ ರಜೆ ಇರುವ ದಿನ ಕೂತು, ಹಳೆಯ ಲೆಕ್ಕ ಎಲ್ಲ ಮುಂದಿಟ್ಟುಕೊಂಡು ಬದಲಿಸಿ. ಹೊಸ ನಿಯಮ ಮುಂದಿನ ಟ್ರೇಡಿಗೆ. ಈಗ ಕೈಯಲ್ಲಿರುವುದು ಹಳೆಯ ನಿಯಮದಲ್ಲೇ ಮುಗಿಯಲಿ.

ನಮಸ್ಕಾರ.