ಅಂಚೆಚೀಟಿಯ ಮೇಲೆ ಕೊಡಗಿನ ಇಬ್ಬರು ಸೇನಾನಿಗಳು

ಸಭೆಯಲ್ಲಿರುವ ಹಿರಿಯರಿಗೆ, ಸ್ನೇಹಿತರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಮಡಿಕೇರಿಯಲ್ಲಿ ಅಂಚೆಚೀಟಿಯ ಮಾತೆತ್ತಿದ ಮೇಲೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರಿಂದಲೇ ಶುರು ಮಾಡಬೇಕು. ಅವರ ಚಿತ್ರವಿರುವ 2 ರೂಪಾಯಿಯ ಚೀಟಿ ಹೊರಬಂದದ್ದು 1995ರ ಜನವರಿ 15ರಂದು. ಈ ತಾರೀಖನ್ನು ಸ್ವಲ್ಪ ಗಮನಿಸಿ. ಅವರ ಹುಟ್ಟಿದ ದಿನ ಜನವರಿ 28, ತೀರಿಕೊಂಡದ್ದು 1993ರ ಮೇ 15. ಇಲಾಖೆ ಎರಡನ್ನೂ ಬಿಟ್ಟು ಜನವರಿ 15ನ್ನು ಆರಿಸಿಕೊಂಡಿತು. 1949ರ ಅದೇ ದಿನ ಜನರಲ್ ಬುಚರ್ ಅವರಿಂದ ಸೇನೆಯ ಅಧಿಕಾರ ಕಾರ್ಯಪ್ಪನವರ ಕೈಗೆ ಬಂತು. ಭಾರತದ ಸೇನೆಗೆ ಮೊದಲ ಬಾರಿಗೆ ಭಾರತೀಯ ಮುಖ್ಯಸ್ಥ. ಅದಕ್ಕೇ ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. ಸ್ಮರಣಾರ್ಥ ಚೀಟಿ ಕೈಗೆ ಬಂದಾಗ ಮುಖ ಯಾರದೆಂದು ನೋಡುವುದರ ಜೊತೆಗೆ ಆ ದಿನವೇ ಏಕೆ ಎಂದೂ ಕೇಳಿಕೊಳ್ಳಿ. ಅರ್ಧ ಚರಿತ್ರೆ ಅಲ್ಲೇ ಸಿಗುತ್ತದೆ.

ದಿನಬಳಕೆಯ ಚೀಟಿಯನ್ನು ಖಾಲಿಯಾದಂತೆಲ್ಲ ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ. ಸ್ಮರಣಾರ್ಥ ಚೀಟಿ ಹಾಗಲ್ಲ, ಒಮ್ಮೆ ಅಚ್ಚಾದರೆ ಮುಗಿಯಿತು. ನಮ್ಮ ದೇಶದ ಮೊದಲ ಸ್ಮರಣಾರ್ಥ ಚೀಟಿಗಳು ಬಂದದ್ದು 1931ರಲ್ಲಿ, ಹೊಸ ದಿಲ್ಲಿಯ ಉದ್ಘಾಟನೆಗೆ. ಅವುಗಳಲ್ಲಿ ವೈಸರಾಯ್ ನಿವಾಸ, ಸೆಕ್ರೆಟೇರಿಯಟ್‌ನಂಥ ಕಟ್ಟಡಗಳಿದ್ದವು, ದೊರೆಯ ಮುಖವಿತ್ತು. ಈ ನೆಲದ ಒಬ್ಬ ಮನುಷ್ಯನ ಮುಖ ಚೀಟಿಗೆ ಬರಲು 1948ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು. ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದ ಆ ದಿನ ಗಾಂಧೀಜಿಯ ನಾಲ್ಕು ಚೀಟಿಗಳು ಬಂದವು. ಅಷ್ಟರಲ್ಲಿ ಅವರು ಇಲ್ಲವಾಗಿ ಆರು ತಿಂಗಳು ಕಳೆದಿತ್ತು. ಆ ಚೀಟಿಗಳ ಮೇಲೆ ಹಿಂದಿಯಲ್ಲೂ ಉರ್ದುವಿನಲ್ಲೂ ‘ಬಾಪು’ ಎಂದು ಬರೆದಿದೆ. ದೇಶ ಒಡೆದು ರಕ್ತ ಹರಿದ ಮರುವರ್ಷ ಎರಡೂ ಲಿಪಿಗಳನ್ನು ಜೊತೆಗಿಟ್ಟದ್ದು ಸಣ್ಣ ಸಂಗತಿಯಲ್ಲ.

ಬದುಕಿರುವವರ ಚೀಟಿ ತರುವ ರೂಢಿ ನಮ್ಮಲ್ಲಿ ಇಲ್ಲವೆಂದೇ ಹೇಳಬಹುದು. ಆದರೂ ಕೆಲವರು ತಮ್ಮ ಚೀಟಿಯನ್ನು ತಾವೇ ಕಂಡರು. 1958ರಲ್ಲಿ ನೂರು ತುಂಬಿದ ಸಮಾಜ ಸುಧಾರಕ ಧೋಂಡೊ ಕೇಶವ ಕರ್ವೆ, 1960ರ ಸೆಪ್ಟೆಂಬರ್ 15ರಂದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ತೀರ ಈಚೆಗೆ, 2013ರಲ್ಲಿ ಸಚಿನ್ ತೆಂಡೂಲ್ಕರ್. ಘಟನೆಗಳ ಪೈಕಿ ನನಗೆ ಬಹಳ ಇಷ್ಟವಾದದ್ದು ಆರ್ಯಭಟ ಉಪಗ್ರಹದ ಚೀಟಿ. ಉಪಗ್ರಹ ಹಾರಿದ್ದು 1975ರ ಏಪ್ರಿಲ್ 19ಕ್ಕೆ, ಚೀಟಿ ಬಂದದ್ದು ಮಾರನೆಯ ದಿನ!

ಈಗ ಜನರಲ್ ಕೆ.ಎಸ್. ತಿಮ್ಮಯ್ಯನವರಿಗೆ ಬರುತ್ತೇನೆ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಅವರ ಬಗ್ಗೆಯೇ. 1906ರಲ್ಲಿ ಇದೇ ಮಡಿಕೇರಿಯಲ್ಲಿ ಹುಟ್ಟಿದವರು. ‘ಸನ್ನಿಸೈಡ್’ ಮನೆ ಈಗ ಮ್ಯೂಸಿಯಂ ಆಗಿದೆ, ನೀವೆಲ್ಲ ನೋಡಿದ್ದೀರಿ. ಕೊರಿಯಾ ಯುದ್ಧ ನಿಂತಾಗ ಸೆರೆಯಾಳುಗಳನ್ನು ಹಿಂದಿರುಗಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸೆರೆಯಾಳುಗಳನ್ನು ಕಾಯಲು ಭಾರತದ ಪಡೆಯೂ ಅಲ್ಲಿಗೆ ಹೋಯಿತು. ಆ ಸೈನಿಕರು ಮನೆಗೆ ಕಾಗದ ಬರೆಯಲೆಂದು 1953ರಲ್ಲಿ ನಮ್ಮ ದಿನಬಳಕೆಯ ಚೀಟಿಗಳ ಮೇಲೆಯೇ ‘ಭಾರತೀಯ ಸಂರಕ್ಷಾ ಕಟಕ, ಕೊರಿಯಾ’ ಎಂದು ಹಿಂದಿಯಲ್ಲಿ ಅಚ್ಚು ಒತ್ತಿ ಕಳಿಸಲಾಯಿತು. ವಿಜಯಪುರದ ಗೋಲಗುಮ್ಮಟವಿರುವ 6 ಆಣೆಯ ಚೀಟಿಯೂ ಅದರಲ್ಲಿತ್ತು. ಇವು ಸ್ಮರಣಾರ್ಥ ಚೀಟಿಗಳಲ್ಲ, ಯಾರ ಮುಖವೂ ಇಲ್ಲ. ಆದರೂ ಅವನ್ನು ಕಂಡಾಗಲೆಲ್ಲ ನನಗೆ ತಿಮ್ಮಯ್ಯನವರೇ ನೆನಪಾಗುತ್ತಾರೆ.

ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದವರನ್ನು ವಿಶ್ವಸಂಸ್ಥೆ 1964ರಲ್ಲಿ ಮತ್ತೆ ಕರೆಯಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಾಳಗ ಹತ್ತಿಕೊಂಡಿತ್ತು. ಇಬ್ಬರ ನಡುವೆ ನಿಂತ ಶಾಂತಿಪಡೆಗೆ ತಿಮ್ಮಯ್ಯನವರು ಕಮಾಂಡರ್. 1965ರ ಡಿಸೆಂಬರ್ 18ರಂದು, ಕೆಲಸದಲ್ಲಿರುವಾಗಲೇ, ಅಲ್ಲೇ ತೀರಿಕೊಂಡರು. ಮರುವರ್ಷವೇ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಚೀಟಿ ತಂದಿತು. ಅದರ ಮೇಲೆ ದೇಶದ ಹೆಸರು ಗ್ರೀಕ್, ಟರ್ಕಿಷ್, ಇಂಗ್ಲಿಷ್ ಮೂರರಲ್ಲೂ ಇದೆ. ನೆಲದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದ ಎರಡು ಸಮುದಾಯಗಳ ಭಾಷೆಗಳು ಒಂದೇ ಚೀಟಿಯಲ್ಲಿ, ನಡುವೆ ಕೊಡಗಿನ ಒಬ್ಬ ಮನುಷ್ಯನ ಮುಖ. ಲಾರ್ನಕಾ ಊರಿನಲ್ಲಿ ಅವರ ಹೆಸರಿನ ರಸ್ತೆಯೂ ಇದೆ. ತನ್ನ ಸೇನಾಪತಿಗೆ ತನ್ನ ದೇಶ ಚೀಟಿ ತರುವುದು ಸಹಜ. ಪರದೇಶ ತನ್ನ ಕಾಗದಗಳ ಮೇಲೆ ನಮ್ಮವರ ಮುಖ ಅಂಟಿಸಿ ಕಳಿಸುವುದು ಬೇರೆಯೇ ತೂಕದ ಗೌರವ. ನಮ್ಮ ಶಾಲೆಯ ಮಕ್ಕಳಿಗೆ ಈ ಚೀಟಿಯನ್ನು ತೋರಿಸಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಕಾಫಿಯ ಮಾತು ಬಿಟ್ಟರೆ ಬೆಳೆಗಾರರು ನನ್ನನ್ನು ಬಿಡುವುದಿಲ್ಲ. 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂದಿತ್ತು, ಆಮೇಲೆ ಗುಲಾಬಿ, ಮಲ್ಲಿಗೆ. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಫಿಯ ಪರಿಮಳದ 100 ರೂಪಾಯಿಯ ಚೀಟಿ ಬಿಡುಗಡೆಯಾಯಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಗೆ ಇದು ಮನೆಯ ಮಗುವಿನ ಫೋಟೊ ಇದ್ದಂತೆ.

ಒಂದು ವಿಷಯದಲ್ಲಿ ಎಚ್ಚರವಿರಲಿ. ‘ಮೈ ಸ್ಟಾಂಪ್’ ಎಂಬ ಯೋಜನೆಯಲ್ಲಿ ದುಡ್ಡು ಕಟ್ಟಿದರೆ ನಾವು ಕೊಟ್ಟ ಫೋಟೊವನ್ನು ಚೀಟಿಯ ಪಕ್ಕ ಅಚ್ಚು ಹಾಕಿಕೊಡುತ್ತಾರೆ. ಹುಟ್ಟುಹಬ್ಬಕ್ಕೆ ಒಳ್ಳೆಯ ಉಡುಗೊರೆ, ಸಂತೋಷ. ಆದರೆ ಅದನ್ನು ವಾಟ್ಸಾಪಿನಲ್ಲಿ ಹಾಕಿ ‘ಕೇಂದ್ರ ಸರ್ಕಾರ ಇವರ ಅಂಚೆಚೀಟಿ ತಂದಿದೆ’ ಎಂದು ಹರಡುವುದು ಸರಿಯಲ್ಲ. ವಿಶೇಷ ಲಕೋಟೆಯೂ ಬೇರೆ. ಅದರಲ್ಲಿ ಚಿತ್ರ ಮತ್ತು ಠಸ್ಸೆ ಮಾತ್ರ ಹೊಸದು, ಅಂಟಿಸಿದ ಚೀಟಿ ಹಳೆಯದೇ. ಇವೆಲ್ಲವನ್ನೂ ಒಂದೇ ಎಂದರೆ ನಿಜವಾದ ಸ್ಮರಣಾರ್ಥ ಚೀಟಿಯ ಬೆಲೆ ಇಳಿಯುತ್ತದೆ.

ಕೊನೆಗೊಂದು ಬೇಡಿಕೆ. ಕೊಡಗಿನಲ್ಲಿ ಸೇನೆಗೆ ಆಳು ಕಳಿಸದ ಮನೆ ಅಪರೂಪ. ಅಜ್ಜಂದಿರು ಗಡಿಯಿಂದ ಬರೆದ ಕಾಗದಗಳು ನಿಮ್ಮ ಪೆಟ್ಟಿಗೆಗಳಲ್ಲಿ ಇದ್ದೇ ಇರುತ್ತವೆ. ಚಂದದ ಚೀಟಿ ಕಂಡಿತೆಂದು ಅದನ್ನು ನೀರಿನಲ್ಲಿ ನೆನೆಸಿ ಕೀಳಬೇಡಿ. ಲಕೋಟೆ ಹಾಗೇ ಇರಲಿ. ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ, ತಾರೀಖು ಆ ಠಸ್ಸೆಯಲ್ಲೇ ಇರುತ್ತದೆ, ಚೀಟಿ ಕಿತ್ತರೆ ಅದೂ ಹರಿದುಹೋಗುತ್ತದೆ. ಮಳೆಗಾಲದ ತೇವ ತಾಗದ ಹಾಗೆ ಇಡಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ಸೈಪ್ರಸ್ಸಿನ ಚೀಟಿ ಮತ್ತು ಕೊರಿಯಾದ ಗೋಲಗುಮ್ಮಟ ಎರಡನ್ನೂ ಈ ಮೇಜಿನ ಮೇಲೆ ಇಟ್ಟಿದ್ದೇನೆ. ಭೂತಗನ್ನಡಿಯೂ ಇದೆ. ಮಕ್ಕಳು ಮೊದಲು ಬನ್ನಿ.