ಅಮ್ಮನ ತಟ್ಟೆಯೂ ಇರಲಿ

ನಮಸ್ಕಾರ. ರಾತ್ರಿ ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಕೆಲವರ ಮನೆಯಲ್ಲಿ ಕುಕ್ಕರ್ ಈಗಷ್ಟೇ ಒಲೆ ಏರಿರಬಹುದು, ಇನ್ನು ಕೆಲವರು ಸೊಪ್ಪು ಬಿಡಿಸುತ್ತಾ ಕೂತಿರಬಹುದು. ಕೆಲಸ ಮಾಡುತ್ತಲೇ ಕೇಳಿ, ನಾನು ಮಾತಾಡಬೇಕು ಅಂತಿರುವುದೂ ಆ ಕೆಲಸದ ಬಗ್ಗೆಯೇ.

ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡಬೇಕು ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ನಾನೂ ಹೇಳುತ್ತಿದ್ದೆ. ನಮ್ಮದು ತುಮಕೂರು ಕಡೆಯ ಹಳ್ಳಿ. ಚಿಕ್ಕಂದಿನಲ್ಲಿ ನಾವು ಒಂದು ದಿನವೂ ಬೇರೆ ಬೇರೆ ಉಂಡವರಲ್ಲ ಅಂತ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಒಂದು ದಿನ ಮಗಳು ಕೇಳಿದಳು, "ಅಜ್ಜಿ ಎಲ್ಲಿ ಕೂರುತ್ತಿದ್ದರು ಅಪ್ಪ?"

ನೆನಪು ಮಾಡಿಕೊಂಡೆ. ಅಪ್ಪ ಕಂಬಕ್ಕೆ ಒರಗಿ, ಚಿಕ್ಕಪ್ಪ ಬಾಗಿಲ ಕಡೆ, ನಾವು ನಾಲ್ಕು ಮಕ್ಕಳು ಗೋಡೆ ಉದ್ದಕ್ಕೂ ಸಾಲಾಗಿ. ಅಮ್ಮ ಕೂತಿದ್ದ ಜಾಗ ಮಾತ್ರ ನೆನಪಾಗಲಿಲ್ಲ. ಅಮ್ಮ ಕೂರುತ್ತಲೇ ಇರಲಿಲ್ಲ. ಹಿಟ್ಟು, ಅಂದರೆ ಮುದ್ದೆ, ಹಾಕುವುದು, ಸಾರು ಬಿಡುವುದು, ಯಾರಿಗೆ ನೀರು ಬೇಕು ಅಂತ ನೋಡುವುದು, ಎಲ್ಲರೂ ಕೈ ತೊಳೆದ ಮೇಲೆ ಒಲೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಡಕೆ ತಳದಲ್ಲಿ ಉಳಿದಿದ್ದ ಸಾರಿಗೆ ಒಂಚೂರು ಬಿಸಿನೀರು ಬೆರೆಸಿ ಉಣ್ಣುವುದು. ಅದನ್ನು ನಾನು ದಿನವೂ ನೋಡಿದ್ದೆ. ನೋಡಿಯೂ "ನಾವೆಲ್ಲ ಒಟ್ಟಿಗೆ ಉಣ್ಣುತ್ತಿದ್ದೆವು" ಅಂತ ನಲವತ್ತು ವರ್ಷ ಹೇಳಿಕೊಂಡು ಬಂದೆ.

ಇದು ನಮ್ಮ ಮನೆ ಒಂದರ ಕಥೆ ಅಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ "ಊಟ ಆಯ್ತಾ" ಅಂತ ಕೇಳುವ ಜನ ನಾವು. ಅಡುಗೆ ಮಾಡಿದವಳನ್ನು ಕೇಳುವವರು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಮುಟ್ಟು, ಹೆರಿಗೆ, ಕಬ್ಬಿಣದ ಅಂಶ ಕಡಿಮೆ ಇರುವ ಊಟ, ಹೀಗೆ ಕಾರಣ ಹಲವು. ಕೊನೆಗೆ ಉಣ್ಣುವುದೇ ಎಲ್ಲಕ್ಕೂ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಸೊಪ್ಪು, ಕಾಳು, ಮೊಟ್ಟೆ ಎಲ್ಲ ಮುಗಿದ ಮೇಲೆ ತಟ್ಟೆಗೆ ಬರುವುದು ಬರೀ ಅನ್ನ, ತಿಳಿಸಾರು. ನಮ್ಮ ಅಮ್ಮನಿಗೆ ಡಾಕ್ಟರು ರಕ್ತ ಕಡಿಮೆ ಇದೆ ಅಂತ ಮಾತ್ರೆ ಬರೆದುಕೊಟ್ಟಾಗ ನನಗೆ ಆ ಮಡಕೆ ತಳ ನೆನಪಾಗಲೇ ಇಲ್ಲ. ಮಗಳು ಕೇಳಿದ ಮೇಲೆ ನೆನಪಾಯಿತು.

ಆಮೇಲೆ ನಮ್ಮ ಮನೆಯಲ್ಲೇ ಗಮನಿಸಲು ಶುರು ಮಾಡಿದೆ. ನನ್ನ ಹೆಂಡತಿಯೂ ನಿಂತೇ ಇರುತ್ತಿದ್ದಳು. ಕಾರಣ ಬಹಳ ಸಣ್ಣದು, ಬಿಸಿ. ದೋಸೆ ಬಿಸಿ ಇರಬೇಕು, ಚಪಾತಿ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. ಎಲ್ಲರಿಗೂ ಬಿಸಿ ಬೇಕು ಅಂದರೆ ಒಬ್ಬರು ಒಲೆ ಮುಂದೆ ನಿಲ್ಲಲೇಬೇಕು. ಅವಳ ತವರು ವಿಜಯಪುರ. ಅಲ್ಲಿ ಬಿಸಿ ರೊಟ್ಟಿ ಬಡಿಯುವಾಗಲೂ ಹೀಗೇ. ಆದರೆ ಅದೇ ಊರಲ್ಲಿ ಖಡಕ್ ರೊಟ್ಟಿಯೂ ಇದೆ. ಒಮ್ಮೆ ಮಾಡಿ ಒಣಗಿಸಿಟ್ಟರೆ ಎಷ್ಟೋ ದಿನ ಕೆಡುವುದಿಲ್ಲ. ಊಟದ ಹೊತ್ತಿಗೆ ಬುಟ್ಟಿ ನಡುವೆ ಇಟ್ಟರೆ ಆಯ್ತು, ಯಾರೂ ಏಳಬೇಕಾಗಿಲ್ಲ.

ಎಳ್ಳಮಾವಾಸ್ಯೆ ದಿನ ಅವರ ಹೊಲಕ್ಕೆ ಹೋಗಿದ್ದೆ. ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಾಳು ಸೊಪ್ಪು ಹಾಕಿದ ಭಜ್ಜಿ, ಎಲ್ಲವೂ ಮನೆಯಲ್ಲೇ ಮಾಡಿ ಕಟ್ಟಿಕೊಂಡು ಹೋಗಿದ್ದು. ಪೂಜೆ ಮಾಡಿ, ಬೆಳೆದು ನಿಂತ ಜೋಳದ ನಡುವೆ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬಂದು, ಗಿಡದ ನೆರಳಲ್ಲಿ ಎಲ್ಲರೂ ದುಂಡಗೆ ಕೂತರು. ಅಲ್ಲಿ ಒಲೆ ಇಲ್ಲ. ಹಾಗಾಗಿ ನಮ್ಮ ಅತ್ತೆಯೂ ಕೂತರು, ಅತ್ತಿಗೆಯೂ ಕೂತರು. ಅತ್ತೆ ಅಷ್ಟು ಮಾತಾಡಿದ್ದನ್ನು, ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮನೆಗೆ ಬಂದು ನಾವು ಮಾಡಿದ್ದು ದೊಡ್ಡದೇನಲ್ಲ. ಚಪಾತಿ ಮೊದಲೇ ಮಾಡಿ ಬಟ್ಟೆ ಸುತ್ತಿ ಡಬ್ಬಿಯಲ್ಲಿಡುವುದು. ಪಾತ್ರೆಗಳನ್ನೆಲ್ಲ ಹಾಲಿಗೆ ತಂದು ಚಾಪೆ ನಡುವೆ ಇಡುವುದು, ಬೇಕಾದ್ದು ಬೇಕಾದವರು ಹಾಕಿಕೊಳ್ಳುವುದು. ಏನಾದರೂ ತರಬೇಕಾದರೆ ಸರದಿ ಪ್ರಕಾರ ಏಳುವುದು. ಟಿವಿ ಆರಿಸುವುದು. ಮಗಳ ಟ್ಯೂಷನ್ ಇರುವ ದಿನ ಒಂಬತ್ತು ಗಂಟೆ ಆಗುತ್ತದೆ, ಅಲ್ಲಿವರೆಗೆ ಒಂದು ಹಿಡಿ ಕಡಲೇಪುರಿ ತಿಂದು ಕಾಯುತ್ತೇವೆ. ದೋಸೆ ಭಾನುವಾರ ಮಾತ್ರ, ಒಲೆ ಮುಂದೆ ಒಬ್ಬರಾದ ಮೇಲೆ ಒಬ್ಬರು ನಿಲ್ಲುತ್ತೇವೆ. ಪಾಳಿ ಕೆಲಸದ ಮನೆಗಳಲ್ಲಿ ದಿನವೂ ಇದು ಆಗಲ್ಲ, ನನಗೆ ಗೊತ್ತು. ವಾರಕ್ಕೆ ಎರಡು ದಿನ ಆದರೂ ಆಗಲಿ, ಬೆಳಗಿನ ತಿಂಡಿಗಾದರೂ ಆಗಲಿ.

ಹೋದ ತಿಂಗಳು ಹೀಗೇ ಕೂತಿದ್ದಾಗ ಹೆಂಡತಿ ಮಗನನ್ನೇ ನೋಡುತ್ತಿದ್ದಳು. ಅಂದು ಮುದ್ದೆ, ಉಪ್ಸಾರು. ಅವನು ಮುದ್ದೆಯನ್ನು ಎರಡೇ ಬೆರಳಲ್ಲಿ ಕಿತ್ತು ಕಿತ್ತು ತಿನ್ನುತ್ತಿದ್ದ. "ಎಲ್ಲಿ, ಕೈ ತೋರಿಸು" ಅಂದಳು. ನಡುಬೆರಳು ಊದಿ ನೀಲಿಗಟ್ಟಿತ್ತು. ಕ್ರಿಕೆಟ್ ಆಡುವಾಗ ಚೆಂಡು ಬಿದ್ದು ಎರಡು ದಿನವಾಗಿತ್ತು, ಬೈಯುತ್ತಾರೆ ಅಂತ ಹೇಳಿರಲಿಲ್ಲ. ಮಾರನೇ ದಿನ ಎಕ್ಸ್‌ರೇ ತೆಗೆಸಿದೆವು, ಸಣ್ಣ ಬಿರುಕು. ನನಗೆ ಎದುರಿಗೇ ಕೂತಿದ್ದರೂ ಕಾಣಲಿಲ್ಲ. ಅವಳು ಆಮೇಲೆ ಹೇಳಿದಳು, "ನಿಂತು ಬಡಿಸುವಾಗ ತಟ್ಟೆ ಖಾಲಿ ಆಗಿದ್ದು ಕಾಣುತ್ತೆ ಕಣ್ರೀ, ಮುಖ ಕಾಣಲ್ಲ."

ಈಗ ಅಮ್ಮ ನಮ್ಮ ಜೊತೆ ಇದ್ದಾರೆ. ಬಂದ ಮೊದಲ ರಾತ್ರಿ ಕೂರಲೇ ಇಲ್ಲ. "ನೀವು ಉಣ್ಣಿ, ನಂದು ಆಮೇಲೆ" ಅಂದರು. ಎರಡನೇ ದಿನವೂ ಅದೇ ಮಾತು. ಮೂರನೇ ದಿನ ಮೊಮ್ಮಗಳು ಅಜ್ಜಿ ತಟ್ಟೆಯನ್ನು ತನ್ನ ತಟ್ಟೆ ಪಕ್ಕ ಇಟ್ಟು, ಅಜ್ಜಿ ಬರುವವರೆಗೂ ಯಾರೂ ಕೈ ಹಾಕಬಾರದು ಅಂತ ಕೂತುಬಿಟ್ಟಳು. ಸಾರು ಆರುತ್ತಿತ್ತು. ಅಮ್ಮ ಸೆರಗಲ್ಲಿ ಕೈ ಒರೆಸಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಕೂತರು. ನಾನು ಹಿಟ್ಟು ಹಾಕಿ ಸಾರು ಬಿಟ್ಟೆ. ಅಮ್ಮನಿಗೆ ಬಡಿಸಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡೇ ಉಂಡರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಒಂಚೂರು ಸರಿಸಿ ಹೇಳಿದರು:

"ಇನ್ನೊಂದು ಸೌಟು ಹಾಕಪ್ಪ. ಕಾಳು ಬರೋ ಹಾಗೆ ಹಾಕು."