ಎಳನೀರನ್ನು ಅಟ್ಟಕ್ಕೆ ಹಾಕಿದ ಕಥೆ

(ತುಮಕೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ಬಂದು ಕೂತಿದ್ದೀರಿ. ನಿದ್ದೆ ಬಂದರೆ ತಪ್ಪಿಲ್ಲ, ಗೊರಕೆ ಮಾತ್ರ ಬೇಡ.

ಇವತ್ತಿನ ವಿಷಯ ವೆಬ್ ಪುಟಗಳನ್ನು ಹಿಂಡುವುದು, ಅಂದರೆ ಕಂಪ್ರೆಸ್ ಮಾಡಿ ಚಿಕ್ಕದಾಗಿಸಿ ಕಳಿಸುವುದು. ನಮ್ಮದು ತೆಂಗಿನ ಜಿಲ್ಲೆ, ಅದಕ್ಕೆ ತೆಂಗಿನಿಂದಲೇ ಶುರು ಮಾಡುತ್ತೇನೆ. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚೂಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಬೇಕು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಯಾರಿಗೂ ಅವಸರ ಇಲ್ಲ. ಎಳನೀರು ಹಾಗಲ್ಲ. ಗಿರಾಕಿ ಬಾಯಾರಿ ಗಾಡಿ ಮುಂದೆ ನಿಂತಿದ್ದಾನೆ. ಮಚ್ಚಿನಲ್ಲಿ ನಾಲ್ಕು ಏಟು ಹಾಕಿ ಕೈಗೆ ಕೊಡಬೇಕು.

ವೆಬ್‌ನಲ್ಲೂ ಹೀಗೇ ಎರಡು ಬಗೆ. ಪುಟದ ಅಂದಚಂದ ಹೇಳುವ ಸಿಎಸ್ಎಸ್, ಪುಟಕ್ಕೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಫೈಲುಗಳು ಕೊಬ್ಬರಿ. ಒಂದು ಸಲ ನಿಧಾನವಾಗಿ ಹಿಂಡಿ ಇಟ್ಟರೆ ಲಕ್ಷ ಜನರಿಗೆ ಕೊಡಬಹುದು. ಲಾಗಿನ್ ಆದವರ ಖಾತೆ ಪುಟ, ಹುಡುಕಾಟದ ಫಲಿತಾಂಶ, ಇವೆಲ್ಲ ಎಳನೀರು. ಕೇಳಿದ ಮೇಲೆ ಡೇಟಾಬೇಸ್‌ನಿಂದ ತೆಗೆದು, ಪುಟ ಕಟ್ಟಿ, ಆಗಲೇ ಹಿಂಡಿ ಕಳಿಸಬೇಕು. ಹಿಂಡುವ ಹೊತ್ತೂ ಗಿರಾಕಿ ಕಾಯುವ ಹೊತ್ತೇ ಅಲ್ವಾ?

ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಕೊಬ್ಬರಿ ಧಾರಣೆ ತೋರಿಸುವ ಸಣ್ಣ ಪುಟವೊಂದನ್ನು ಮಾಡಿದ್ದೆ. ಒಂದೇ ಕೋರ್ ಇರುವ ಬಾಡಿಗೆ ಸರ್ವರ್. ಬ್ರಾಟ್ಲಿ ಅನ್ನುವ ಲೈಬ್ರರಿ ಚೆನ್ನಾಗಿ ಹಿಂಡುತ್ತದೆ ಅಂತ ಯಾರೋ ಹೇಳಿದರು, ಹಾಕಿಬಿಟ್ಟೆ. ಲೆವೆಲ್ ಎಷ್ಟು, ಅಂದರೆ ಎಷ್ಟು ಬಿಗಿಯಾಗಿ ಹಿಂಡಬೇಕು ಅಂತ ಬರೆಯಲೇ ಇಲ್ಲ. ಬರೆಯದಿದ್ದರೆ ಆ ಲೈಬ್ರರಿ 0ಯಿಂದ 11ರವರೆಗಿನ ಲೆವೆಲ್‌ಗಳಲ್ಲಿ ಸೀದಾ 11ಕ್ಕೇ ಹೋಗುತ್ತದೆ. ಅದು ಅಟ್ಟದ ಲೆವೆಲ್. ಹರಾಜಿನ ದಿನ ಬೆಳೆಗಾರರೆಲ್ಲ ಒಟ್ಟಿಗೆ ಪುಟ ತೆರೆದರು. ಸಿಪಿಯು ಪೂರ್ತಿ ಹಿಂಡುವುದರಲ್ಲೇ ಮುಳುಗಿತು. ಪುಟ ಬಹಳ ಚಿಕ್ಕದಾಗಿತ್ತು, ನಿಜ. ಬಂದು ತಲುಪಿದರೆ ತಾನೇ!

ಹಿಂಡುವುದು ಅಂದರೆ ಏನು ಅಂತ ಒಂದು ಪದದಲ್ಲೇ ನೋಡೋಣ. ‘ತಿಪಟೂರು’. ಕಣ್ಣಿಗೆ 4 ಅಕ್ಷರ. ಅಕ್ಷರ, ಚಿಹ್ನೆ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆಗಳೂ ಸೇರಿ 7. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಇಂಗ್ಲಿಷಿನಲ್ಲಿ ಬರೆದಿದ್ದರೆ 6ಕ್ಕೆ ಮುಗಿಯುತ್ತಿತ್ತು. ಈಗ ಬೈಟುಗಳನ್ನು ಬಿಡಿಸಿ ನೋಡಿ. ‘ತ’ ಅಂದರೆ 224, 178, 164. ‘ಪ’ ಅಂದರೆ 224, 178, 170. ‘ಟ’ ಅಂದರೆ 224, 178, 159. ಕನ್ನಡದ ಯಾವ ಅಕ್ಷರ ತೆಗೆದರೂ ಮೊದಲು 224, ಆಮೇಲೆ 178 ಇಲ್ಲವೇ 179. ಸುಮ್ನೆ ಅದೇ ಪಲ್ಲವಿ. ಬೇರೆಯಾಗುವುದು ಮೂರನೆಯದು ಮಾತ್ರ. ಇಂಥ ಪಲ್ಲವಿಗೆ ಹಫ್‌ಮನ್ ಸಂಕೇತ ಅನ್ನುವ ವಿಧಾನ ತೀರಾ ಚಿಕ್ಕ ಗುರುತು ಕೊಡುತ್ತದೆ. ಧಾರಣೆಯ ಪಟ್ಟಿಯಲ್ಲಿ ‘ತಿಪಟೂರು’ ಎರಡನೇ ಸಲ ಬಂದರೆ ಪೂರ್ತಿ ಬರೆಯುವುದೇ ಇಲ್ಲ. ‘ಇಷ್ಟು ಹಿಂದೆ ಹೋಗಿ 21 ಬೈಟ್ ನಕಲು ಮಾಡು’ ಅಂತ ಎರಡು ಮೂರು ಬೈಟಿನಲ್ಲಿ ಹೇಳಿಬಿಡುತ್ತದೆ. ಇದು ಲೆಂಪೆಲ್ ಮತ್ತು ಝಿವ್ 1977ರಲ್ಲಿ ಕೊಟ್ಟ ಉಪಾಯ. ಹಾಗಾಗಿ ಕನ್ನಡ ಪುಟ ಹಿಂಡದೆ ಕಳಿಸಿದರೆ ನಷ್ಟ ಜಾಸ್ತಿ, ಹಿಂಡಿದರೆ ಲಾಭವೂ ಜಾಸ್ತಿ.

ಈಗ ಯಾವುದರಲ್ಲಿ ಹಿಂಡಬೇಕು? ಜಿ-ಜಿಪ್ 1992ರಿಂದ ಇದೆ. ಅದನ್ನು ಬಿಚ್ಚಲಾರದ ಬ್ರೌಸರ್ ಇವತ್ತು ಸಿಗುವುದಿಲ್ಲ. ಆದರೆ 32 ಕೆಬಿಗಿಂತ ಹಿಂದಿನದು ಅದಕ್ಕೆ ನೆನಪಿರುವುದಿಲ್ಲ. ಬ್ರಾಟ್ಲಿ ಗೂಗಲ್‌ನದು, 2016ರಲ್ಲಿ ಆರ್‌ಎಫ್‌ಸಿ, ಅಂದರೆ ಇಂಟರ್‌ನೆಟ್‌ನ ವಿವರಣಾ ದಾಖಲೆ ಆಯಿತು. ಹೆಸರು ಸ್ವಿಸ್ ಜರ್ಮನ್ನಿನ ಪುಟ್ಟ ಬನ್ನಿನದು. ಅದರ ಹೊಟ್ಟೆಯಲ್ಲಿ ಸುಮಾರು 120 ಕೆಬಿಯ ಸಿದ್ಧ ನಿಘಂಟಿದೆ. ಪುಟ ಕಟ್ಟುವ ಭಾಷೆ ಎಚ್‌ಟಿಎಮ್‌ಎಲ್‌ನ ಟ್ಯಾಗು ತುಣುಕುಗಳಿವೆ, ಇಂಗ್ಲಿಷ್ ಇದೆ, ಹಿಂದಿಯೂ ಇದೆ. ಕನ್ನಡ ಇಲ್ಲ. ಇರಲಿ ಬಿಡಿ, ಟ್ಯಾಗುಗಳ ಲಾಭವಂತೂ ನಮಗೂ ಸಿಗುತ್ತದೆ. ಝಡ್-ಸ್ಟ್ಯಾಂಡರ್ಡ್ ಫೇಸ್‌ಬುಕ್ ಹೊರತಂದಿದ್ದು, ವೇಗವೇ ಅದರ ಬಲ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ಒಪ್ಪಿಕೊಂಡಿದ್ದು 2024ರಲ್ಲಿ. ಯಾವುದನ್ನು ಬಿಚ್ಚಬಲ್ಲೆ ಅಂತ ಬ್ರೌಸರ್ ತಾನೇ ಹೇಳುತ್ತದೆ. ಝಡ್-ಸ್ಟ್ಯಾಂಡರ್ಡ್ ಗೊತ್ತಿಲ್ಲದವರಿಗೆ ಬ್ರಾಟ್ಲಿ, ಅದೂ ಗೊತ್ತಿಲ್ಲದವರಿಗೆ ಜಿ-ಜಿಪ್.

ನಿಜವಾದ ಆಯ್ಕೆ ಇರುವುದು ಹೆಸರಿನಲ್ಲಿ ಅಲ್ಲ, ಲೆವೆಲ್‌ನಲ್ಲಿ. ಲೆಕ್ಕ ಸುಲಭ. ಸೆಕೆಂಡಿಗೆ 8 ಮೆಗಾಬಿಟ್ ಬರುವ ಫೋನ್ ಅಂದುಕೊಳ್ಳಿ. ಅಂದರೆ 1 ಕೆಬಿಗೆ 1 ಮಿಲಿಸೆಕೆಂಡ್. ಲೆವೆಲ್ ಏರಿಸಿ 2 ಕೆಬಿ ಉಳಿಸಿದರೆ ಉಳಿಯುವುದು 2 ಮಿಲಿಸೆಕೆಂಡ್. ಅಷ್ಟು ಉಳಿಸೋಕೆ ಸರ್ವರ್ 30 ಮಿಲಿಸೆಕೆಂಡ್ ಏದುಸಿರು ಬಿಟ್ಟರೆ ಯಾರಿಗೆ ಲಾಭ? ಅದೇ ಫೋನು ಪಾವಗಡದ ಬೆಟ್ಟದ ಮರೆಯಲ್ಲಿದ್ದು, ವೇಗ ಹತ್ತನೇ ಒಂದು ಪಾಲಿಗೆ ಇಳಿದರೆ 2 ಕೆಬಿಗೆ 20 ಮಿಲಿಸೆಕೆಂಡ್. ಆಗಲೂ 30 ದುಬಾರಿಯೇ, 5 ಆದರೆ ಕೊಡಬಹುದು. ಇನ್ನೊಂದು ವಿಷಯ. ಹೊಸ ಸಂಪರ್ಕದಲ್ಲಿ ಸರ್ವರ್ ಮೊದಲ ಏಟಿಗೆ ಸಾಮಾನ್ಯವಾಗಿ 10 ಪ್ಯಾಕೆಟ್, ಅಂದರೆ 14 ಕೆಬಿಯಷ್ಟು ಕಳಿಸುತ್ತದೆ. ಮಿಕ್ಕಿದ್ದು ‘ತಲುಪಿತು’ ಅನ್ನುವ ಉತ್ತರ ಬಂದ ಮೇಲೆ. 16 ಕೆಬಿ ಪುಟ 13 ಆದರೆ ಒಂದು ಸುತ್ತಿನ ಓಡಾಟವೇ ಉಳಿಯುತ್ತದೆ. 13 ಇದ್ದದ್ದು 11 ಆದರೆ ಯಾರಿಗೂ ಗೊತ್ತಾಗುವುದಿಲ್ಲ.

ಕೇಳಿದಾಗ ಕಟ್ಟುವ ಪುಟಕ್ಕೆ ನಾನು ಬ್ರಾಟ್ಲಿ 4 ಅಥವಾ 5ರಿಂದ, ಜಿ-ಜಿಪ್ ಆದರೆ 5 ಅಥವಾ 6ರಿಂದ ಶುರು ಮಾಡುತ್ತೇನೆ. ಆಮೇಲೆ ನಮ್ಮದೇ ಪುಟ, ನಮ್ಮದೇ ಸರ್ವರ್ ಇಟ್ಟು ಅಳೆಯುತ್ತೇನೆ. ಜೆಪೆಗ್ ಚಿತ್ರಗಳು ಮೊದಲೇ ಹಿಂಡಿದ್ದು, ಅವನ್ನು ಬಿಟ್ಟುಬಿಡಿ. 1 ಕೆಬಿಗಿಂತ ಚಿಕ್ಕ ಉತ್ತರಗಳನ್ನೂ ಬಿಡಿ, ಜಿ-ಜಿಪ್‌ನ ತಲೆ-ಬಾಲಕ್ಕೇ 18 ಬೈಟ್ ಹೋಗುತ್ತದೆ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ತಂತ್ರಾಂಶ ಬಳಸುವವರು ನೆನಪಿಡಿ, ನೀವು ಹೇಳದಿದ್ದರೆ ಅದು ಎಚ್‌ಟಿಎಮ್‌ಎಲ್ ಮಾತ್ರ ಹಿಂಡುತ್ತದೆ. ಜೇಸನ್ ರೂಪದಲ್ಲಿ ಕಳಿಸುವ ಡೇಟಾ ಹಿಂಡದೆ ಹಾಗೇ ಹೋಗುತ್ತಿರುತ್ತದೆ, ಎಷ್ಟೋ ದಿನ ಯಾರೂ ನೋಡುವುದೇ ಇಲ್ಲ.

ಒಂದು ಅಪಾಯವೂ ಇದೆ. 2013ರಲ್ಲಿ ಬ್ರೀಚ್ ಅನ್ನುವ ದಾಳಿ ಬೆಳಕಿಗೆ ಬಂತು. ಪುಟದಲ್ಲಿ, ಕೋರಿಕೆ ನಿಮ್ಮದೇ ಅಂತ ಸಾಬೀತು ಮಾಡುವ ಒಂದು ಗುಟ್ಟಿನ ಟೋಕನ್ ಇದೆ. ಅದೇ ಪುಟ ನೀವು ಹುಡುಕಿದ ಪದವನ್ನೂ ತಿರುಗಿ ತೋರಿಸುತ್ತದೆ. ಕಳ್ಳ ಟೋಕನ್ನಿನ ಒಂದು ಅಕ್ಷರ ಊಹಿಸಿ ನಿಮ್ಮ ಹುಡುಕಾಟದೊಳಗೆ ತೂರಿಸುತ್ತಾನೆ. ಊಹೆ ಸರಿಯಿದ್ದರೆ ‘ನಕಲು ಮಾಡು’ ಅನ್ನುವ ಉಪಾಯ ಕೆಲಸ ಮಾಡಿ ಪುಟ ಒಂಚೂರು ಚಿಕ್ಕದಾಗುತ್ತದೆ. ಗೂಢಲಿಪಿಯೊಳಗೆ ಏನಿದೆ ಅಂತ ಕಾಣದಿದ್ದರೂ ಉದ್ದ ಕಾಣುತ್ತದಲ್ಲ. ಹೀಗೆ ಒಂದೊಂದೇ ಅಕ್ಷರ ಕದಿಯುತ್ತಾನೆ. ಪ್ರತಿ ಸಲವೂ ಟೋಕನ್ನಿಗೆ ಹೊಸ ಮುಸುಕು ಹಾಕುವುದು ಒಂದು ಪರಿಹಾರ, ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಮಾಡುವುದು ಅದನ್ನೇ. ಗುಟ್ಟು ಬಹಳ ದೊಡ್ಡದಾದರೆ ಆ ಪುಟವನ್ನು ಹಿಂಡಲೇಬೇಡಿ.

ನನ್ನ ಧಾರಣೆ ಪುಟದ ಗತಿ ಏನಾಯಿತು? ಲೆವೆಲ್ 4ಕ್ಕೆ ಇಳಿಸಿದೆ, ಸರ್ವರ್ ಉಸಿರಾಡಿತು. ಆಮೇಲೆ ಒಂದು ದಿನ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ನೆಂಟರೊಬ್ಬರು ಕೇಳಿದರು: “ಹರಾಜು ಆದಾಗ ತಾನೇ ರೇಟು ಬದಲಾಗೋದು? ಮತ್ತೆ ಒಬ್ಬೊಬ್ಬರಿಗೂ ಹೊಸದಾಗಿ ಯಾಕೆ ಬರೀತೀಯ?” ನಾನು ಎಳನೀರು ಅಂದುಕೊಂಡಿದ್ದು ಕೊಬ್ಬರಿಯೇ ಆಗಿತ್ತು. ಈಗ ರೇಟು ಬದಲಾದಾಗ ಒಂದೇ ಸಲ ಪುಟ ಕಟ್ಟಿ, ಅದೇ ಲೆವೆಲ್ 11ರಲ್ಲಿ ಹಿಂಡಿ ಇಡುತ್ತೇನೆ. ಲಾಗಿನ್ ಆದವರ ಪುಟ ಮಾತ್ರ ಇನ್ನೂ 4ರಲ್ಲೇ ಓಡುತ್ತಿದೆ. ಪ್ರಶ್ನೆ ಕೇಳಿ, ಹಿಂದಿನ ಸಾಲಿನಿಂದ ಶುರು ಮಾಡೋಣ.